ಕ್ಷೌರದಂಗಡಿಯ ಹಾಡು

ದವಡೆಯಣ್ಣನಿಗೆ ಆ ಹೆಸರು ಬಂದದ್ದಕ್ಕೆ ಕಸುಬೂ ಕಾರಣ, ಸ್ವಭಾವವೂ ಕಾರಣ. ಕಸುಬು, ಕಟ್ಟುಹಲ್ಲು ಮಾಡುವುದು. ಸ್ವಭಾವ, ಸಂಗೀತದ ಮಾತು ಬಂತೆಂದರೆ ಸ್ವಂತ ದವಡೆಗೆ ಬಿಡುವು ಕೊಡದಿರುವುದು.

ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವನ ಕೋಣೆ. ಹಲ್ಲಿನ ಡಾಕ್ಟರುಗಳು ಜನರ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದರು. ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ವಸಡು ಕಟ್ಟಿ, ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಹಿಂದಕ್ಕೆ ಕಳಿಸುತ್ತಿದ್ದ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರಿನವರ ದವಡೆಗಳು ಬಿಳಿಚಿಕೊಂಡು ಕೂತಿರುತ್ತಿದ್ದವು. ಊರಿನ ಅರ್ಧ ಜನರ ನಗು ಇವನ ಕೈಯಲ್ಲಿ ತಯಾರಾದದ್ದು. ಆದರೆ ಡಬ್ಬಿಯ ವ್ಯವಹಾರವಾದ್ದರಿಂದ ಒಬ್ಬರೂ ಬಂದು ಇವನೆದುರು ನಕ್ಕದ್ದಿಲ್ಲ. ಮದುವೆಯಾಗಿರಲಿಲ್ಲ. ಆಗಬೇಕಾದ ವಯಸ್ಸಿನಲ್ಲಿ ರೆಕಾರ್ಡುಗಳನ್ನು ವರ್ಷವಾರು ಜೋಡಿಸುತ್ತಿದ್ದ. ಜೋಡಿಸಿ ಮುಗಿಯುವಷ್ಟರಲ್ಲಿ ವಯಸ್ಸು ಮುಗಿದಿತ್ತು. ಊಟ ಎದುರು ಬೀದಿಯ ಅಕ್ಕನ ಮನೆಯಲ್ಲಿ.

ಆ ರೆಕಾರ್ಡುಗಳೆಲ್ಲ ಒಬ್ಬಳೇ ಗಾಯಕಿಯವು. ‘ಸೋಲ್’ ಎಂಬ ಪರದೇಶದ ಸಂಗೀತ ಹಾಡಿ ಲೋಕವನ್ನೇ ಅಳಿಸಿ, ತಾನು ಮಾತ್ರ ಕಾಯಿಲೆಯಿಂದ ಅಕಾಲಕ್ಕೆ ತೀರಿಹೋದ ಹೆಂಗಸು. ಗಂಟಲಿನಿಂದಲ್ಲ, ಕರುಳಿನಿಂದ ಹಾಡುವುದೇ ಸೋಲ್ ಎಂದು ದವಡೆಯಣ್ಣ ಹೇಳುತ್ತಿದ್ದ; ಹೇಳುವಾಗ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಅವನ ಬಳಗದವರು ಆಕೆಯನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. ‘ದೊಡ್ಡಮ್ಮ’ ಎನ್ನುತ್ತಿದ್ದರು. ಸಮುದ್ರದಾಚೆ ಹುಟ್ಟಿ ಸಮುದ್ರದಾಚೆಯೇ ಸತ್ತ ಆ ಹೆಂಗಸಿಗೆ ಮೆಟ್ಟಿಲ ಕೆಳಗೆ ಇಂಥ ನೆಂಟರಿದ್ದಾರೆಂಬುದು ಗೊತ್ತಾಗುವ ಸಂಭವ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಬಳಗ ಸೇರುತ್ತಿತ್ತು. ದವಡೆಯಣ್ಣ, ಅವನ ಅಕ್ಕನ ಗಂಡ, ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು, ಜೊತೆಗೆ ಬಂದು ಹೋಗುವ ಇಬ್ಬರು ಮೂವರು. ಮೇಷ್ಟ್ರು ಪ್ರತಿ ಹಾಡಿಗೂ ಮೊದಲು ಎದ್ದು ನಿಂತು ಎರಡು ಮಾತು ಆಡುತ್ತಿದ್ದರು. ಎರಡು ಮಾತು ಮುಗಿಯುವ ಹೊತ್ತಿಗೆ ಟೀ ಆರಿರುತ್ತಿತ್ತು. ಹಾಗಾಗಿ ಅವರಿಗೆ ಪೀಠಿಕೆ ಮೇಷ್ಟ್ರು ಎಂದೇ ಹೆಸರು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೇಳುವುದು. ಹಾಡು ಮುಗಿದಾಗ ಚಪ್ಪಾಳೆ ತಟ್ಟುವಂತಿರಲಿಲ್ಲ, ‘ಹ್ಞಂ’ ಎನ್ನಬಹುದಿತ್ತು. ಬೇರೆಡೆ ‘ಇಲ್ಲಿ ಉಗುಳಬಾರದು’ ಎಂದು ಬರೆಸುವ ಜಾಗದಲ್ಲಿ ದವಡೆಯಣ್ಣ ಒಂದು ಹಲಗೆ ತೂಗುಹಾಕಿದ್ದ: ‘ಇಲ್ಲಿ ಜನಪ್ರಿಯ ಹಾಡುಗಳನ್ನು ಕೇಳಬಾರದು, ಗುನುಗಬಾರದು.’

ಅದು ಒಂದೇ ಒಂದು ಹಾಡಿಗಾಗಿ ಬರೆದ ಹಲಗೆ. ದೊಡ್ಡಮ್ಮನನ್ನು ಲೋಕಕ್ಕೆಲ್ಲ ಪರಿಚಯಿಸಿದ ಹಾಡೊಂದಿತ್ತು. ರೇಡಿಯೋದಲ್ಲಿ ಅದು, ಮದುವೆ ಹಾಲಿನಲ್ಲಿ ಅದು, ಬಸ್ಸಿನಲ್ಲಿ ಅದು. ದಾಡಿ ಮಾಡಿಸಲು ಹೋದರೆ ನೊರೆ ಒಣಗುವುದರೊಳಗೆ ಒಂದು ಸಲ ಬಂದೇ ಬರುತ್ತಿತ್ತು. ಅದರ ಹೆಸರನ್ನು ಬಾಯಲ್ಲಿ ಆಡಲೂ ಮನಸ್ಸಿಲ್ಲದೆ ಬಳಗದವರು ‘ಕ್ಷೌರದಂಗಡಿ ಹಾಡು’ ಎನ್ನುತ್ತಿದ್ದರು. ಅದನ್ನು ಇಷ್ಟಪಡುವವರೆಲ್ಲ ‘ಮದುವೆಮನೆ ಜನ’.

ಬಳಗ ಕೇಳುತ್ತಿದ್ದದ್ದು ಬೇರೆಯವರು ಕೇಳದ್ದನ್ನು. ದೊಡ್ಡಮ್ಮ ಬಡತನದ ದಿನಗಳಲ್ಲಿ ನೆಲ ಒರೆಸುವ ಪಾಲಿಶ್ ಕಂಪನಿಗೆಂದು ಹಾಡಿಕೊಟ್ಟ ಜಾಹೀರಾತು ಇತ್ತು. ‘ಹೊಳೆಯುತ್ತದೆ ನೋಡಿ’ ಎಂಬ ಮಾತಿನಲ್ಲಿ ಮಂಡಿಯೂರಿ ನೆಲ ತಿಕ್ಕಿದ ಹೆಂಗಸಿನ ಸೊಂಟನೋವು ಕೇಳಿಸುತ್ತಿತ್ತು. ಇದನ್ನು ಕಂಡುಹಿಡಿದವನು ದವಡೆಯಣ್ಣ, ಮತ್ತು ಅದು ಸುಳ್ಳೇನಲ್ಲ. ಊಟದ ಹೋಟೆಲಿನಲ್ಲಿ ಹಾಡಿದ್ದೊಂದಿತ್ತು. ಅದರಲ್ಲಿ ತಟ್ಟೆ ಚಮಚಗಳ ಸದ್ದು ಮೊದಲು ಜೋರಾಗಿದ್ದು, ಬರಬರುತ್ತಾ ಒಂದೊಂದೇ ನಿಂತುಹೋಗುತ್ತಿತ್ತು. ತನಗೆ ಬಾರದ ಭಾಷೆಯಲ್ಲಿ ಹಾಡಿದ್ದೊಂದಿತ್ತು. ‘ಮತ್ತು’ ಎಂಬ ಅರ್ಥದ ಪದಕ್ಕೆ ಆಕೆ ಗದ್ಗದಿತಳಾಗಿದ್ದಳು. ಎಲ್ಲಕ್ಕೂ ಮಿಗಿಲಾದದ್ದು ಕೊನೆಯ ಟೇಪು. ಸಾಯುವ ವರ್ಷ ಸ್ಟುಡಿಯೋದಲ್ಲಿ ಹಾಡಿದ್ದು, ಕಂಪನಿಯವರು ಹೊರಗೆ ಬಿಡದೆ ಇಟ್ಟದ್ದು, ಕೈಯಿಂದ ಕೈಗೆ ನಕಲಿನ ನಕಲಾಗಿ ದವಡೆಯಣ್ಣನ ಕೈ ಸೇರಿದ್ದು. ಅದರಲ್ಲಿ ಒಂದು ಸಾಲಿನ ನಡುವೆ ದೊಡ್ಡಮ್ಮ ನಿಲ್ಲುತ್ತಾಳೆ. ಒಂದು ಏದುಸಿರು. ಇನ್ನೊಂದು. ಆಮೇಲೆ ಮುರಿದ ದನಿಯಲ್ಲಿ ಸಾಲು ಮುಗಿಸುತ್ತಾಳೆ. ಆ ಏದುಸಿರಿನ ಮೇಲೆ ಪೀಠಿಕೆ ಮೇಷ್ಟ್ರು ಆಡಿದ ಮಾತುಗಳನ್ನು ಬರೆದಿಟ್ಟಿದ್ದರೆ ಭೂಗೋಳದ ಪುಸ್ತಕಕ್ಕಿಂತ ದಪ್ಪಗಾಗುತ್ತಿತ್ತು. “ಇದು ಉಸಿರಲ್ಲ, ಮೌನವನ್ನೇ ಹಾಡುವ ಕಲೆ,” ಎನ್ನುತ್ತಿದ್ದರು. “ಇನ್ನೊಂದ್ ಸಲ ಹಾಕಿ,” ಎನ್ನುತ್ತಿದ್ದರು ಉಳಿದವರು.

ಅಕ್ಕನ ಗಂಡ ಲಿಫ್ಟ್ ರಿಪೇರಿ ಕೆಲಸದವನು. ದವಡೆಯಣ್ಣನಿಗೆ ಭಾವನಾದ್ದರಿಂದ ಬಳಗಕ್ಕೆಲ್ಲ ಲಿಫ್ಟ್ ಭಾವ. ಮಾತು ಕಡಿಮೆ. ಲಿಫ್ಟು ಏರಿಳಿಯುವ ಗುಂಡಿಯೊಳಗೆ ಹಗ್ಗ, ಗ್ರೀಸು, ಬ್ರೇಕಿನ ಪುಡಿಯ ನಡುವೆ ದಿನವಿಡೀ ಜೋತುಬಿದ್ದು, ಭಾನುವಾರ ನುಣ್ಣಗೆ ದಾಡಿ ಮಾಡಿಸಿಕೊಂಡು ಬಂದು ಮೂಲೆಯ ಸ್ಟೂಲಿನಲ್ಲಿ ಕೂರುತ್ತಿದ್ದ. ಎಲ್ಲರೂ ‘ಹ್ಞಂ’ ಎಂದಾಗ ತಾನೂ ‘ಹ್ಞಂ’ ಎನ್ನುತ್ತಿದ್ದ. ಕ್ಷೌರದಂಗಡಿ ಹಾಡಿಗೆ ಎಲ್ಲರೂ ಮೂಗು ಮುರಿದಾಗ ತಾನೂ ಅಷ್ಟಿಷ್ಟು ಮುರಿಯುತ್ತಿದ್ದ. ಅಂಥ ಸಂಸ್ಕಾರವಂತ ಕಿವಿ ಬಳಗದಲ್ಲೇ ಇನ್ನೊಂದಿಲ್ಲ ಎಂಬುದು ದವಡೆಯಣ್ಣನ ಅಭಿಪ್ರಾಯ. ಮಾತಾಡದವರ ಬಗ್ಗೆ ಮಾತಾಡುವವರಿಗೆ ಯಾವಾಗಲೂ ಇಂಥ ಅಭಿಪ್ರಾಯವೇ ಇರುತ್ತದೆ.

ಒಮ್ಮೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವನೊಬ್ಬ ಬಳಗಕ್ಕೆ ಸೇರಲು ಬಂದಿದ್ದ. ಊರಿಗೆಲ್ಲ ಅವನು ಮೈಕಾಸುರ. ಬರಿಗೈಯಲ್ಲಿ ಬರಬಾರದೆಂದು ಕಾಣಿಕೆಯಾಗಿ ಅದೇ ಹಾಡಿನ ರೆಕಾರ್ಡು ಹಿಡಿದುಕೊಂಡು ಬಂದಿದ್ದ. ದವಡೆಯಣ್ಣ ಮಾತಾಡದೆ ಹಲಗೆಯ ಕಡೆ ಬೆರಳು ತೋರಿಸಿದ.

“ಅಣ್ಣಾ, ಇದೂ ಅವರೇ ಹಾಡಿದ್ದಲ್ವಾ?” ಎಂದ ಮೈಕಾಸುರ.

“ಹಾಡಿದ್ದು ಅವರೇ. ಕೇಳೋದು ನಿಮ್ಮಂಥೋರು.”

ಮೈಕಾಸುರ ರೆಕಾರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ. ಆ ಮಾತಿಗೆ ಬಳಗ ಬಹಳ ದಿನ ನಕ್ಕಿತು. ಲಿಫ್ಟ್ ಭಾವನೂ ನಕ್ಕ, ಆದರೆ ನಗುನಗುತ್ತಲೇ ಕೆಮ್ಮು ಬಂದು ಹೊರಗೆ ಹೋದ.

ಆ ಕೆಮ್ಮು ನಿಲ್ಲಲಿಲ್ಲ. ಲಿಫ್ಟಿನ ಗುಂಡಿಗಳ ಪುಡಿಯೆಲ್ಲ ಎದೆಯೊಳಗೆ ಗೂಡು ಕಟ್ಟಿದೆ ಎಂದರು ಡಾಕ್ಟರು. ಮೊದಲು ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಆಮೇಲೆ ಬೀದಿ ದಾಟುವುದು ಕಷ್ಟವಾಯಿತು. ಕೊನೆಗೆ ಅಂಗಿಯ ಗುಂಡಿ ಹಾಕಿಕೊಂಡರೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಆಸ್ಪತ್ರೆಗೆ ಸೇರಿಸಿದರು. ಉದ್ದನೆಯ ವಾರ್ಡು, ಕೊನೆಯ ಮಂಚ, ಕಿಟಕಿಯ ಪಕ್ಕ. ಮಂಚದ ತಲೆದಿಕ್ಕಿಗೆ ಆಮ್ಲಜನಕದ ಸಿಲಿಂಡರು ಹಾಲು ಉಕ್ಕುವ ಸದ್ದು ಮಾಡುತ್ತಾ ನಿಂತಿತ್ತು. ಇಷ್ಟು ದಿನ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನೋಡಬೇಕೆನ್ನುವವರು ಬಂದು ನೋಡಿಕೊಂಡು ಹೋಗಲಿ ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತು.

ಅಕ್ಕ ಪರದೆ ಹೊಲಿಯುವವಳು. ಹೊಲಿಗೆ ಬದಿಗಿಟ್ಟು ವಾರ್ಡಿನಲ್ಲೇ ಇರುತ್ತಿದ್ದಳು. ಒಂದು ದಿನ ದವಡೆಯಣ್ಣ ಬಂದಾಗ ಬಾಗಿಲಲ್ಲೇ ತಡೆದಳು.

“ನಿಮ್ ಭಾವ ಒಂದ್ ಹಾಡು ಕೇಳ್ಬೇಕು ಅಂತಿದ್ದಾರೆ ಕಣೋ. ಬೇರೇನೂ ಬೇಡ್ವಂತೆ. ಅದೊಂದ್ ಕೇಳಿಸ್ಬಿಡು.”

“ಯಾವುದು? ಹೋಟೆಲಿಂದಾ? ಪಾಲಿಶಿಂದಾ?”

“ಅದೇ ಕಣೋ, ಎಲ್ಲಾ ಕಡೆ ಬರುತ್ತಲ್ಲ. ಕ್ಷೌರದಂಗಡೀದು.”

ದವಡೆಯಣ್ಣ ಅಕ್ಕನ ಮುಖ ನೋಡಿದ. ಆಮೇಲೆ ವಾರ್ಡಿನ ಆ ತುದಿಯಲ್ಲಿ ಮಲಗಿದ್ದ ಭಾವನ ಕಡೆ ನೋಡಿದ. ಔಷಧಿಯ ಪ್ರಭಾವ ಎಂದುಕೊಂಡ. ಇಷ್ಟು ವರ್ಷದ ಕಿವಿಯ ಸಾಧನೆ, ಕಾಯಿಲೆಯಲ್ಲಿ ಬಾಯಿತಪ್ಪಿ ಒಂದು ಮಾತು ಬಂದಿದೆ. ಅದನ್ನು ಹಿಡಿದುಕೊಂಡು ಮನುಷ್ಯನ ಮರ್ಯಾದೆ ತೆಗೆಯಬಾರದು. ಭಾವ ಏನು ಕೇಳಿದ ಎಂಬುದಲ್ಲ, ಭಾವನಂಥವನು ಏನು ಕೇಳಬೇಕು ಎಂಬುದು ಮುಖ್ಯ. ಇದು ಪ್ರೀತಿಯಿಂದಲೇ ಬಂದ ಯೋಚನೆ. ಇಂಥ ಕೆಲಸಗಳೆಲ್ಲ ಪ್ರೀತಿಯಿಂದಲೇ ಆಗುವುದು.

ಮರುದಿನ ಸಂಜೆ, ನೋಡಲು ಬಿಡುವ ಹೊತ್ತಿಗೆ, ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಜೊತೆಗೆ ಪೀಠಿಕೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ತಂದದ್ದು ಕೊನೆಯ ಟೇಪು. ಬಳಗದಲ್ಲಿ ಇದಕ್ಕಿಂತ ದೊಡ್ಡ ಗೌರವ ಇರಲಿಲ್ಲ.

ಮೇಷ್ಟ್ರು ಮಂಚದ ಕಾಲಬಳಿ ನಿಂತು ಗಂಟಲು ಸರಿಮಾಡಿಕೊಂಡರು. “ಕಲೆ ಎಂಬುದು ಮೃತ್ಯುವಿನ ಎದುರು...”

“ಸಾರ್, ಭಾಷಣ ಎಲ್ಲ ಹೊರಗಡೆ,” ಎಂದಳು ನರ್ಸು, ಹೋಗುತ್ತಾ ಹೋಗುತ್ತಾ.

ದವಡೆಯಣ್ಣ ಗುಂಡಿ ಒತ್ತಿದ. ಭಾವನ ಮುಖದಲ್ಲಿ ಒಂದು ಕಳೆ ಬಂದಿತ್ತು. ಮೊದಲ ಸ್ವರ ಕೇಳಿದ ಕೂಡಲೇ ಅದು ಹೋಯಿತು. ಆದರೂ ಸುಮ್ಮನೆ ಕೇಳಿದ. ಹಾಡು ನಡೆಯಿತು. ಆ ಸಾಲು ಬಂತು. ದೊಡ್ಡಮ್ಮ ನಿಂತಳು. ಒಂದು ಏದುಸಿರು. ಮಂಚದ ಮೇಲೆ ಭಾವನದೂ ಒಂದು ಏದುಸಿರು. ಇನ್ನೊಂದು ಅಲ್ಲಿ, ಇನ್ನೊಂದು ಇಲ್ಲಿ. ಯಾವುದು ಟೇಪಿನದು, ಯಾವುದು ಮಂಚದ್ದು ಎಂದು ತಿಳಿಯಲಿಲ್ಲ.

ಪಕ್ಕದ ಮಂಚದಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಮುದುಕ ತಲೆಯೆತ್ತಿದ. “ಏನಪ್ಪಾ ಅದು? ಪೆಟ್ಟಿಗೆಯೊಳಗೆ ಯಾರಿಗೋ ದಮ್ಮು ಬಂದಿದೆಯಲ್ಲಾ? ನರ್ಸಮ್ಮನ್ನ ಕರೀರಿ.”

ಪೀಠಿಕೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ “ಹ್ಞಂ” ಎಂದರು.

ಭಾವ ಕೈ ಎತ್ತಿದ. ದವಡೆಯಣ್ಣ ಟೇಪು ನಿಲ್ಲಿಸಿ ಬಗ್ಗಿದ.

“ಅವಳಿಗೆ... ಉಸಿರು ಸಿಗ್ತಿರ್ಲಿಲ್ಲ ಕಣೋ.”

“ಅದೇ ಭಾವ, ಅದೇ ಅದರ...”

“ಅದೇ ಇದೇ ಏನಿಲ್ಲ. ಬರೀ... ಉಸಿರು ಸಿಗ್ತಿರ್ಲಿಲ್ಲ. ಅಲ್ಲಿದ್ದೋರು... ಸಾಕು ನಿಲ್ಸಮ್ಮಾ ಅನ್ಲಿಲ್ಲ.” ಸಿಲಿಂಡರಿನ ಕೊಳವೆಯಿಂದ ಎರಡು ಸಲ ಉಸಿರೆಳೆದುಕೊಂಡ. “ನಾವೂ ಅಷ್ಟೇ. ಟೀ ಕುಡ್ಕೊಂಡು... ಇನ್ನೊಂದ್ ಸಲ ಹಾಕು ಅಂದ್ವಿ.”

ದವಡೆಯಣ್ಣನ ದವಡೆ ಅಲ್ಲಾಡಲಿಲ್ಲ.

“ನಾನ್ ಕೇಳಿದ್ದು... ಅದಲ್ಲ. ನಿಮ್ಮಕ್ಕನ್ನ ಕೇಳು.”

ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. ಅಕ್ಕ ತಮ್ಮನ ರಟ್ಟೆ ಹಿಡಿದು ಹೊರಗಿನ ಓಣಿಗೆ ಎಳೆದುಕೊಂಡು ಬಂದಳು.

“ನಾನ್ ಏನ್ ಹೇಳಿದ್ದೆ, ನೀನ್ ಏನ್ ತಂದೆ?”

“ಅಕ್ಕಾ, ಅವರಿಗೆ ಅದು ಇಷ್ಟ ಇಲ್ಲ. ನನಗೆ ಗೊತ್ತಿಲ್ವಾ? ಇಷ್ಟು ವರ್ಷ ಜೊತೇಲಿ ಕೂತು...”

“ನಿನಗೇನೋ ಗೊತ್ತು? ನಮ್ಮನೇಲಿ ಒಂದ್ ರೇಜರ್ ಇಲ್ವಾ? ವಾರದಲ್ಲಿ ಮೂರ್ ಮೂರ್ ಸಲ ಆ ಮನುಷ್ಯ ಕ್ಷೌರದಂಗಡೀಲಿ ಹೋಗಿ ಯಾಕ್ ಕೂರ್ತಿದ್ರು ಅಂದ್ಕೊಂಡಿದ್ದೀಯ? ಕೆನ್ನೆ ಚರ್ಮ ಎದ್ದುಹೋಗಿತ್ತು. ಆ ಹಾಡು ಬರೋ ತನಕ ಕಾಯೋರು.”

ಅಕ್ಕ ಅಂದು ಹೇಳಿದ್ದನ್ನು ದವಡೆಯಣ್ಣ ಮೊದಲ ಸಲ ಕೇಳಿದ. ಮದುವೆಗೆ ಮೊದಲು ಅಕ್ಕ ಪರದೆಯ ಗಂಟು ಹೊತ್ತುಕೊಂಡು ದೊಡ್ಡ ಕಟ್ಟಡವೊಂದಕ್ಕೆ ಹೋಗಿದ್ದಳಂತೆ. ಲಿಫ್ಟು ಎರಡು ಅಂತಸ್ತುಗಳ ನಡುವೆ ನಿಂತುಬಿಟ್ಟಿತು. ಒಳಗೆ ಅವಳೂ, ಆಗಷ್ಟೇ ರಿಪೇರಿ ಮುಗಿಸಿ ಪರೀಕ್ಷೆ ಮಾಡಲು ಹತ್ತಿದ್ದ ಒಬ್ಬ ಹುಡುಗನೂ. ಕೆಳಗಿನ ಹಾಲಿನಲ್ಲಿ ಯಾರದೋ ಮದುವೆ. ಆ ಹಾಡನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಿದ್ದರು. ಲಿಫ್ಟಿನ ಗುಂಡಿಯೊಳಗಿಂದ ಅದು ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು.

“ಬೇಗ ರಿಪೇರಿ ಮಾಡ್ಬಹುದಿತ್ತಂತೆ,” ಎಂದಳು ಅಕ್ಕ. “ಮದುವೆ ಆದ್ಮೇಲೆ ಹೇಳಿದ್ರು. ಒಂದ್ ಸ್ಕ್ರೂ ಅಷ್ಟೇ ಅಂತೆ.”

“ನಂಗ್ ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ನೀನ್ ಆ ಬೋರ್ಡ್ ತೋರಿಸ್ತಿದ್ದೆ.”

ಅಕ್ಕ ಒಳಗೆ ಹೋದಳು. ಹೋಗುವಾಗ “ನಾಳೆ ತಾ” ಎಂದಷ್ಟೇ ಹೇಳಿದಳು.

ಹಾಡು ಜೇಬಿನಲ್ಲಿ ಇರುವ ಕಾಲವಲ್ಲ ಅದು. ಬೇಕಾದರೆ ಹುಡುಕಿಕೊಂಡು ಹೋಗಬೇಕು. ದವಡೆಯಣ್ಣನ ಕೋಣೆಯಲ್ಲಿ ಅಟ್ಟದವರೆಗೂ ದೊಡ್ಡಮ್ಮನೇ ತುಂಬಿದ್ದಳು. ಆಕೆ ಡ್ರಮ್ಮಿನವನನ್ನು ಬೈದ ಟೇಪು ಕೂಡ ಇತ್ತು. ಆ ಒಂದು ಹಾಡು ಮಾತ್ರ ಇರಲಿಲ್ಲ. ಬೆಳಗಾಗುತ್ತಲೇ ರೆಕಾರ್ಡಿನಂಗಡಿಗೆ ಹೋದ.

“ಅದಾ?” ಎಂದ ಅಂಗಡಿಯವನು. “ಎಲ್ಲರ ಮನೇಲೂ ಇದ್ದೇ ಇರುತ್ತೆ ಅಂತ ತರ್ಸೋದೇ ಬಿಟ್ಬಿಟ್ವಿ ಸಾರ್. ನಿಮ್ಮನೇಲಿ ಇಲ್ವಾ?”

ಅಲ್ಲಿಂದ ಕ್ಷೌರದಂಗಡಿಗೆ. ಕ್ಷೌರಿಕ ಕತ್ತಿ ಮಸೆಯುತ್ತಾ ರೇಡಿಯೋ ತೋರಿಸಿದ. “ರೆಕಾರ್ಡ್ ಎಲ್ಲಿಂದ ಬರ್ಬೇಕು ಸಾರ್? ಅವರು ಹಾಕಿದ್ರೆ ನಾವು ಕೇಳ್ತೀವಿ. ಕೂತ್ಕೊಳ್ಳಿ, ಬಂದ್ರೆ ಬರುತ್ತೆ. ನಿಮ್ ಭಾವ ಹಾಗೇ ಕಾಯೋರು. ಎಲ್ಲಿ, ಕಾಣ್ತಾನೇ ಇಲ್ವಲ್ಲ?”

ಇನ್ನು ಉಳಿದದ್ದು ಒಂದೇ ಬಾಗಿಲು. ಆ ಬೀದಿಗೆ ತಿರುಗುವ ಮೊದಲು ದವಡೆಯಣ್ಣ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದ ಎನ್ನುತ್ತಾರೆ ನೋಡಿದವರು.

ಮೈಕಾಸುರ ಅಂಗಳದಲ್ಲಿ ವಯರುಗಳ ಸಿಕ್ಕು ಬಿಡಿಸುತ್ತಾ ಕೂತಿದ್ದ. ಸುತ್ತ ಧ್ವನಿವರ್ಧಕದ ಬಾಯಿಗಳು ಆಕಳಿಸುತ್ತಾ ಬಿದ್ದಿದ್ದವು.

“ಓಹೋ, ದವಡೆಯಣ್ಣ! ದಾರಿ ತಪ್ಪಿತಾ?”

“ಒಂದ್ ರೆಕಾರ್ಡ್ ಬೇಕಿತ್ತು.”

“ಯಾವುದಣ್ಣಾ? ದೊಡ್ಡಮ್ಮ ಸೀನಿದ್ದಾ, ಆಕಳಿಸಿದ್ದಾ? ನಮ್ಹತ್ರ ಅಂಥ ದೊಡ್ಡ ದೊಡ್ಡದೆಲ್ಲ ಇಲ್ಲ.”

“ಆ... ಕ್ಷೌರದಂಗಡಿ ಹಾಡು.”

“ಅದಕ್ಕೂ ಒಂದ್ ಹೆಸರಿದೆ. ಹೆಸರು ಹೇಳಿ ಕೇಳಿ.”

ದವಡೆಯಣ್ಣ ಹೆಸರು ಹೇಳಿದ. ಎಷ್ಟೋ ವರ್ಷದ ಮೇಲೆ ಬಾಯಿಗೆ ಬಂದ ಪದ; ಹೊಸ ಹಲ್ಲು ಕಟ್ಟಿಸಿಕೊಂಡವನ ಹಾಗೆ ತಡವರಿಸಿ ಹೇಳಿದ. ಯಾರಿಗೆ, ಏಕೆ ಎಂಬುದನ್ನೂ ಹೇಳಿದ. ಮೈಕಾಸುರ ವಯರು ಕೆಳಗಿಟ್ಟ.

“ಲಿಫ್ಟ್ ಭಾವನಿಗಾ? ಮೊದ್ಲೇ ಹೇಳ್ಬಾರ್ದಾ? ಸುಮ್ನೆ ತಮಾಷೆ ಮಾಡ್ಬಿಟ್ಟೆ.” ಒಳಗೆ ಹೋಗಿ ರೆಕಾರ್ಡು ತಂದ. “ನಡೀರಿ. ವ್ಯಾನಲ್ಲಿ ಎಲ್ಲಾ ಇದೆ. ಬ್ಯಾಟರಿ ಇದೆ, ಪ್ಲೇಯರ್ ಇದೆ, ಒಂದ್ ಸಣ್ಣ ಸ್ಪೀಕರ್ ಇದೆ. ಊಟ ಮಾಡ್ಕೊಂಡು ಹೊರಟ್ರೆ ಆಸ್ಪತ್ರೆ ಬಾಗಿಲು ತೆಗೆಯೋ ಹೊತ್ತಿಗೆ ಸರಿಯಾಗಿ ಹೋಗ್ತೀವಿ. ಮಂಚದ ಪಕ್ಕ ಇಟ್ಟು, ಮೆಲ್ಲಗೆ ಹಾಕ್ಬಿಡೋಣ.”

ದವಡೆಯಣ್ಣ ರೆಕಾರ್ಡನ್ನು ಬೆಳಕಿಗೆ ಹಿಡಿದ. ಕೈ ಎಂದಿನ ಅಭ್ಯಾಸದಲ್ಲಿ ಅಂಚನ್ನು ಮಾತ್ರ ಹಿಡಿದಿತ್ತು. ತಟ್ಟೆಯ ತುಂಬ ಗೀರು. ಎಣ್ಣೆಬೆರಳಿನ ಗುರುತು. ಯಾರೋ ಅದರ ಮೇಲೆ ಟೀ ಲೋಟ ಇಟ್ಟಿದ್ದ ಉಂಗುರ ಬೇರೆ.

“ಇದನ್ನಾ?”

“ಹಾಡುತ್ತಣ್ಣಾ. ಊರಿನ ಮದುವೆಯೆಲ್ಲ ಇದರಲ್ಲೇ ಆಗಿದೆ.”

“ಭಾವನ ಕಿವಿ ಇಂಥದ್ದಕ್ಕೆ ಪಳಗಿದ್ದಲ್ಲ.”

“ಕಿವಿಗಲ್ಲಣ್ಣಾ. ಭಾವನಿಗೆ.”

“ಇಲ್ಲ, ನಾನೇ ತೊಳೆದು ಕ್ಯಾಸೆಟ್ಟಿಗೆ ಹಾಕ್ಕೊಂಡು ಹೋಗ್ತೀನಿ. ಇನ್ನೂ ಹೊತ್ತಿದೆ.”

ಮೈಕಾಸುರ ವಯರಿನ ಸಿಕ್ಕು ಮತ್ತೆ ಕೈಗೆತ್ತಿಕೊಂಡ.

ಹೊತ್ತು ಇದ್ದದ್ದು ನಿಜ. ದವಡೆಯಣ್ಣ ಕಟ್ಟುಹಲ್ಲು ತಿಕ್ಕುವ ಮೆತ್ತನೆಯ ಬ್ರಷ್ಷಿನಿಂದ, ಸೋಪಿನ ನೀರಿನಲ್ಲಿ, ರೆಕಾರ್ಡನ್ನು ಸುತ್ತು ಸುತ್ತಾಗಿ ತೊಳೆದ. ನೆರಳಿನಲ್ಲಿ ಒಣಗಿಸಿದ. ಪ್ಲೇಯರಿನ ಮುಳ್ಳು ಇಟ್ಟು, ಕ್ಯಾಸೆಟ್ಟಿಗೆ ತುಂಬತೊಡಗಿದ. ಎರಡನೆಯ ಸಾಲಿನಲ್ಲಿ ‘ಟಿಕ್’ ಎಂದಿತು. ಅಳಿಸಿದ. ಭೂತಗನ್ನಡಿ ಹಿಡಿದು, ಮೇಣ ಕೆತ್ತುವ ಸೂಜಿಯ ತುದಿಯಿಂದ ಗೀರಿನೊಳಗಿನ ಕಸ ತೆಗೆದ. ಮತ್ತೆ ಹಾಕಿದ. ಈ ಸಲ ಟಿಕ್ ಇರಲಿಲ್ಲ, ಆದರೆ ಹಾಡಿನ ನಡುವೆ ಯಾರೋ ಮೆಟ್ಟಿಲು ಇಳಿದರು, ಮುಳ್ಳು ಅದುರಿತು. ಅಳಿಸಿದ. ಪ್ಲೇಯರಿನ ಕೆಳಗೆ ಬಟ್ಟೆ ಮಡಿಸಿ ಇಟ್ಟ. ಮತ್ತೆ ಹಾಕಿದ.

ಹೀಗೆ ಮತ್ತೆ ಮತ್ತೆ ಹಾಕುವಾಗ ಹಾಡು ಅವನ ಕಿವಿಗೆ ಬಿತ್ತು. ಬೀಳದೆ ಇರುವುದು ಸಾಧ್ಯವಿರಲಿಲ್ಲ. ಚೆನ್ನಾಗಿತ್ತು. ಅದರಲ್ಲಿ ದೊಡ್ಡಮ್ಮನಿಗೆ ಉಸಿರು ಧಾರಾಳವಾಗಿತ್ತು. ಸಾಲು ಮುಗಿದ ಮೇಲೂ ಉಳಿದ ಉಸಿರನ್ನು ನಗುವಾಗಿ ಬಿಟ್ಟುಬಿಟ್ಟಿದ್ದಳು. ಕೊನೆಯ ಟೇಪನ್ನು ನೂರು ಸಲ ಕೇಳಿದವನಿಗೆ ಅದು ಯಾರೋ ಬೇರೆ ಹೆಂಗಸಿನ ಹಾಗೆ, ಎಳೆಯವಳ ಹಾಗೆ ಕೇಳಿಸಿತು. ಇದಕ್ಕೆ ತಕ್ಕ ಹಾಗೆ ನಕಲು ಆಗಬೇಕು ಎಂದುಕೊಂಡ. ಒಂದು ಸಣ್ಣ ಚರಪರ ಇನ್ನೂ ಉಳಿದಿತ್ತು. ಮತ್ತೆ ತೊಳೆದ.

ಒಂದೂ ಕುಂದಿಲ್ಲದ ನಕಲು ಕೈಗೆ ಬಂದಾಗ ಮೆಟ್ಟಿಲ ಕಂಡಿಯಿಂದ ಬರುತ್ತಿದ್ದ ಬೆಳಕು ಹಲಗೆಯ ಮೇಲಿನ ದವಡೆಗಳನ್ನು ಬಿಟ್ಟು ಮೇಲೇರಿತ್ತು. ಆಸ್ಪತ್ರೆಯ ಬಾಗಿಲು ಹಾಕಿದ ಮೇಲೆ ಒಳಗೆ ಬಿಡುವುದಿಲ್ಲ. ನಾಳೆ ಮೊದಲು ಹೋಗುವವನೇ ನಾನು ಎಂದುಕೊಂಡ. ಹೊಸ ಡಬ್ಬಿಯೊಂದಕ್ಕೆ ಕ್ಯಾಸೆಟ್ಟು ಹಾಕಿ, ಮೇಲೆ ಹಾಡಿನ ಹೆಸರನ್ನು, ಕ್ಷೌರದಂಗಡಿ ಎಂದಲ್ಲ, ನಿಜವಾದ ಹೆಸರನ್ನು, ದುಂಡಾಗಿ ಬರೆದ.

ಬೆಳಿಗ್ಗೆ ಇನ್ನೂ ಅಂಗಿ ತೊಡುತ್ತಿದ್ದಾಗ ಅಕ್ಕನೇ ಬಂದಳು. ಕೈಯಲ್ಲಿ ಆಸ್ಪತ್ರೆಯ ಚೀಲವಿತ್ತು. ಫ್ಲಾಸ್ಕು, ಟವೆಲು, ಲೋಟ, ಭಾವನ ಚಪ್ಪಲಿ. ಎಲ್ಲವನ್ನೂ ವಾಪಸ್ಸು ತಂದಿದ್ದಳು.

ದವಡೆಯಣ್ಣ ಸ್ಟೂಲು ಎಳೆದು ಕೊಟ್ಟ. ಅವಳು ಕೂರಲಿಲ್ಲ.

“ಯಾವಾಗ?”

“ಬೆಳಗಿನ ಜಾವ.” ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. “ನಿನ್ನೆ ನೀನ್ ಬರ್ತೀಯ, ಹಾಡು ತರ್ತೀಯ ಅಂತ ಹೇಳಿದ್ದೆ. ಬಾಗಿಲ ಕಡೆ ತಿರುಗಿಸಿ ಮಲಗಿಸು ಅಂದ್ರು. ಹಾಗೇ ಮಲಗಿಸಿದ್ದೆ. ಗಂಟೆ ಹೊಡೆದ್ರು, ಎಲ್ಲರೂ ಹೋದ್ರು. ಸಿಗ್ಲಿಲ್ವೇನೋ ಪಾಪ ಅಂದ್ರು. ಸಿಗ್ಲಿಲ್ವಾ?”

“ಸಿಕ್ತು.”

“ಮತ್ತೆ?”

“ಗೀರಿತ್ತು ಅಕ್ಕಾ. ತೊಳೀತಿದ್ದೆ.”

ಅಕ್ಕ ಅವನನ್ನು ನೋಡಿದಳು. ಬೈಯಲಿಲ್ಲ. ಅವಳಿಗೆ ಆ ಹೊತ್ತು ಬೈಯುವುದಕ್ಕಿಂತ ಅವಸರದ ಕೆಲಸಗಳಿದ್ದವು. “ಬಾ, ಆಸ್ಪತ್ರೇಲಿ ಗಂಡಸರು ಸೈನ್ ಹಾಕ್ಬೇಕಂತೆ,” ಎಂದಳು.

ಮಣ್ಣು ಮಾಡಿ ಬಂದ ಮೇಲಿನ ಭಾನುವಾರ ಬಳಗ ಸೇರಿತು. ಪೀಠಿಕೆ ಮೇಷ್ಟ್ರು ಎರಡು ಮಾತು ಬರೆದುಕೊಂಡೇ ಬಂದಿದ್ದರು. ಜನಪ್ರಿಯತೆಯ ಕೆಸರು ಸೋಕದ ಕಿವಿಯೊಂದನ್ನು ನಾವು ಕಳೆದುಕೊಂಡೆವು ಎಂದು ಶುರುಮಾಡಿ, ಅಗಲಿದ ಗೆಳೆಯನ ನೆನಪಿಗೆ ಕೊನೆಯ ಟೇಪು ಕೇಳೋಣ, ಆ ಏದುಸಿರಿನ ಹೊತ್ತಿಗೆ ಎಲ್ಲರೂ ಎದ್ದು ನಿಲ್ಲೋಣ ಎಂದರು.

“ಭಾವನಿಗೆ ಕ್ಷ... ಆ ಹಾಡು ಇಷ್ಟ ಇತ್ತು,” ಎಂದ ದವಡೆಯಣ್ಣ.

ಯಾರಿಗೂ ಅರ್ಥವಾಗಲಿಲ್ಲ. ಯಾವ ಹಾಡು ಎಂದು ಕೇಳಿದರು. ಹೇಳಿದ. ಮೂಲೆಯ ಖಾಲಿ ಸ್ಟೂಲನ್ನು ಒಬ್ಬರು ನೋಡಿದರು.

“ಕೊನೆಗಾಲದಲ್ಲಿ ಔಷಧಿಯ ಪ್ರಭಾವ ಇರುತ್ತೆ,” ಎಂದರು ಮೇಷ್ಟ್ರು, ಮೃದುವಾಗಿ.

“ಕೊನೆಗಾಲದಲ್ಲಲ್ಲ. ಮೊದಲಿಂದ್ಲೂ.”

“ಇರಲಿ, ಅದನ್ನ ಹೊರಗೆ ಯಾರಿಗೂ ಹೇಳೋದು ಬೇಡ. ಟೇಪ್ ಹಾಕಿ.”

ದವಡೆಯಣ್ಣ ಎದ್ದು ಹೋಗಿ ಪ್ಲಾಸ್ಟರ್ ಕಲಸತೊಡಗಿದ. ಅವರು ಸ್ವಲ್ಪ ಹೊತ್ತು ಕಾದರು. ಕಲಸಿದ ಪ್ಲಾಸ್ಟರ್ ಗಟ್ಟಿಯಾಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅದಕ್ಕೂ ಮುಂಚೆಯೇ ಒಬ್ಬೊಬ್ಬರಾಗಿ ಎದ್ದು ಹೊರಟರು. ಈಗ ಭಾನುವಾರಗಳಲ್ಲಿ ಬಳಗ ಮೇಷ್ಟ್ರ ಮನೆಯಲ್ಲಿ ಸೇರುತ್ತದೆ. ಅವರ ಬಳಿ ಕೊನೆಯ ಟೇಪಿನ ನಕಲೊಂದಿದೆ.

ಅಕ್ಕ ಮತ್ತೆ ಹೊಲಿಗೆ ಹಿಡಿದಳು. ಊಟಕ್ಕೆ ಹೋದಾಗಲೆಲ್ಲ ದವಡೆಯಣ್ಣನ ಜೇಬಿನಲ್ಲಿ ಕ್ಯಾಸೆಟ್ಟು ಇರುತ್ತಿತ್ತು. ಊಟ ಮಾಡಿ ಅದನ್ನು ಹಾಗೇ ವಾಪಸ್ಸು ತರುತ್ತಿದ್ದ. ಒಂದು ದಿನ ಅಕ್ಕನೇ ಕೇಳಿದಳು.

“ಅದೇನಾ?”

“ಹೂಂ.”

“ಹಾಕು, ಕೇಳೋಣ.”

ಅವನು ಹೋಗಿ ಟೇಪ್ ರೆಕಾರ್ಡರ್ ತಂದ. ಹೊಲಿಗೆ ಮಿಷಿನ್ನಿನ ಪಕ್ಕ, ಯಾರದೋ ಮನೆಯ ನೀಲಿ ಪರದೆಯ ರಾಶಿಯ ಮೇಲೆ ಇಟ್ಟು ಗುಂಡಿ ಒತ್ತಿದ. ಹಾಡು ಬಂತು. ಒಂದು ಟಿಕ್ ಇಲ್ಲ, ಒಂದು ಚರಪರ ಇಲ್ಲ. ದೊಡ್ಡಮ್ಮ ಆ ಕೋಣೆಯಲ್ಲೇ ನಿಂತು ಹಾಡಿದ ಹಾಗಿತ್ತು. ಅಕ್ಕ ಕೈಯಲ್ಲಿ ಸೂಜಿ ಹಿಡಿದುಕೊಂಡೇ ಕೇಳಿದಳು. ಮೊದಲ ಚರಣ ಮುಗಿಯಿತು.

“ತುಂಬಾ ಕ್ಲೀನಾಗಿದೆ,” ಎಂದಳು.

ದವಡೆಯಣ್ಣ ಟೇಪ್ ರೆಕಾರ್ಡರಿನ ಸದ್ದು ಸ್ವಲ್ಪ ತಗ್ಗಿಸಿದ.

“ನಾವು ಲಿಫ್ಟಲ್ಲಿ ಕೇಳಿದ್ದು ಹೀಗಿರ್ಲಿಲ್ಲ ಕಣೋ. ಮಾತೇ ಸರಿಯಾಗಿ ಕೇಳಿಸ್ತಿರ್ಲಿಲ್ಲ. ಗೊರ ಗೊರ ಅಂತಿತ್ತು. ಯಾವಾಗ್ಲೂ ಹಾಗೇ ಕೇಳಿದ್ದು ನಾವು.” ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ. “ಅವರಿಗಾದ್ರೂ ಇದು ಗೊತ್ತಾಗ್ತಿತ್ತೋ ಇಲ್ವೋ.”

ಎರಡನೆಯ ಚರಣ ಶುರುವಾಯಿತು. ದೊಡ್ಡಮ್ಮ ಉಳಿದ ಉಸಿರನ್ನು ನಗುವಾಗಿ ಬಿಟ್ಟಳು.

“ನಿಲ್ಸಿಬಿಡು,” ಎಂದಳು ಅಕ್ಕ.

ಅವನು ನಿಲ್ಲಿಸಿದ. ಅವಳು ಸೂಜಿಯನ್ನೂ ದಾರವನ್ನೂ ಅವನ ಮುಂದೆ ಹಿಡಿದಳು. ದವಡೆಯಣ್ಣ ಅದನ್ನು ಬೆಳಕಿಗೆ ಹಿಡಿದು ಪೋಣಿಸಿ ಕೊಟ್ಟ.